ಓಬಣ್ಣ ಕೂತ ಭಾನುವಾರ

ಓಬಣ್ಣ ಕೂತಿದ್ದನ್ನು ನಾನು ನೋಡಿದ್ದು ಒಂದೇ ಸಲ. ಊಟಕ್ಕೆ ಕರೆದರೆ ತಟ್ಟೆ ಕೈಯಲ್ಲಿ ಹಿಡಿದು ಅಂಗಳದ ಉದ್ದಕ್ಕೂ ಓಡಾಡುತ್ತ ಉಣ್ಣುವ ಮನುಷ್ಯ. ಸಾವಿನ ಮನೆಗೆ ಹೋದರೂ ಗೋಡೆಗೊರಗಿ, ಒಂದು ಹಿಮ್ಮಡಿ ಕುಣಿಸುತ್ತ ನಿಂತಿರುತ್ತಿದ್ದ. ಯಾರಾದರೂ ಕುರ್ಚಿ ಎಳೆದು ಕೊಟ್ಟರೆ, "ನೀವು ಕುಂತ್ಕಳ್ರಿ. ನಂದು ಕಂಡಕ್ಟರ್ ಜಲ್ಮ, ಕುಂತ್ರೆ ಕಾಲು ಬೈತಾವೆ" ಅನ್ನುತ್ತಿದ್ದ. ಹೊಸದುರ್ಗ–ಹಿರಿಯೂರು ನಡುವೆ ಸರ್ಕಾರಿ ಬಸ್ಸಿನಲ್ಲಿ ನಿಂತೇ ಸವೆಸಿದ ಆಯುಷ್ಯ. ನಿವೃತ್ತಿಯಾದ ಮೇಲೂ ಬಸ್ಸು ಕಾಲಿನಿಂದ ಇಳಿದಿಲ್ಲ ಪಾಪ ಅಂತ ನಾವೆಲ್ಲ ನಗುತ್ತಿದ್ದೆವು.

ನಾವು ಅಂದರೆ ಕುಡುಕರು. ಕುಡಿತ ಬಿಟ್ಟವರು, ಬಿಡುತ್ತಿರುವವರು, ಬಿಡಬೇಕೆಂದು ಬಾಗಿಲ ತನಕ ಬಂದು ಚಪ್ಪಲಿ ಬಿಡದೆ ವಾಪಸು ಹೋಗುತ್ತಿದ್ದವರು. ಹಿರಿಯೂರಿನ ತೆಂಗಿನಕಾಯಿ ಮಂಡಿಯ ಹಿಂದೆ, ಚೀಲ ಒಟ್ಟುತ್ತಿದ್ದ ಹಳೇ ರೂಮಿನಲ್ಲಿ ಭಾನುವಾರ ಮಧ್ಯಾಹ್ನ ಓಬಣ್ಣ ನಮ್ಮನ್ನು ಸೇರಿಸುತ್ತಿದ್ದ. ಅಲ್ಲಿ ಭಜನೆ ಇಲ್ಲ, ದೇವರ ಫೋಟೊ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ನನ್ನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಕೈಮುಗಿದ ನಿನ್ನ ಫೋಟೊ ಸಮೇತ ಒಂದು ಬೋರ್ಡು ಪುಕ್ಕಟೆ ಹಾಕಿಕೊಡುತ್ತೇನೆ ಅಂದಿದ್ದೆ. ಊರಿನಲ್ಲಿ ಫ್ಲೆಕ್ಸಿನೊಳಗಿಂದ ಕೈಮುಗಿಯುವವರು ಈಗಲೇ ಜಾಸ್ತಿಯಾಗಿದ್ದಾರೆ, ನನ್ನನ್ನು ಬಿಡು ಅಂದ. ಹಾಗಂತ ನಾಸ್ತಿಕನಲ್ಲ. ಕುರಿ ಸಾಕುವ ಮನೆತನ, ಮನೆದೇವರಿಗೆ ವರ್ಷಕ್ಕೊಮ್ಮೆ ತಪ್ಪದೆ ಹೋಗಿ ಬರುತ್ತಿದ್ದ. ನಮ್ಮ ಬಾಟಲಿ ಕಾಯುವುದು ದೇವರ ಕೆಲಸವಲ್ಲ ಅನ್ನುವುದಷ್ಟೇ ಅವನ ವಾದ.

ರೂಮಿನ ನಡುವೆ ಅವನ ಹೊಲದ ಒಂದು ಚೀಲ ಶೇಂಗಾ ಇರುತ್ತಿತ್ತು. ಬಂದವರ ಮುಂದೆ ಒಂದೊಂದು ಮೊರ. ಮಾತಾಡಲಿ ಬಿಡಲಿ, ಕೈ ಶೇಂಗಾ ಸುಲಿಯುತ್ತಿರಬೇಕು. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಬಿತ್ತನೆಗೆ ಕೈಯಲ್ಲಿ ಸುಲಿದದ್ದೇ ಆಗಬೇಕು ಅಂತ ಕಾರಣ ಹೇಳುತ್ತಿದ್ದ. ಅಸಲು ಕಾರಣ ಬೇರೆ. ಸುಲಿಯುವ ಕೈ ನಡುಗಿದರೂ ಯಾರಿಗೂ ಕಾಣುವುದಿಲ್ಲ, ಮೊರ ನೋಡುತ್ತ ಆಡುವ ಮಾತಿಗೆ ನಾಚಿಕೆಯೂ ಕಡಿಮೆ. ಕೊನೆಗೆ ಎಲ್ಲರ ಮೊರ ನೋಡಿ, ಗಟ್ಟಿ ಬೀಜ ಬಿತ್ತನೆಗೆ, ಒಡೆದದ್ದು ಚಟ್ನಿಗೆ ಅಂತ ಬೇರೆ ಮಾಡುತ್ತಿದ್ದ. ಮೊದಮೊದಲು ನನ್ನ ಮೊರದ್ದೆಲ್ಲ ಚಟ್ನಿಗೇ ಹೋಗುತ್ತಿತ್ತು.

ಯಾಕೆ ಕುಡಿದೆ ಅಂತ ಅವನು ಯಾರನ್ನೂ ಕೇಳಿದವನಲ್ಲ. "ಯಾಕೆ ಅಂದ್ರೆ ಕುಡುಕ ಕತೆ ಕಟ್ತಾನೆ. ಯಾವಾಗ ಅಂದ್ರೆ ಸಿಕ್ಕಿಬೀಳ್ತಾನೆ" ಅನ್ನುತ್ತಿದ್ದ. ಯಾವಾಗ, ಎಲ್ಲಿದ್ದೆ, ಪಕ್ಕದಲ್ಲಿ ಯಾರಿದ್ದರು, ಅದಕ್ಕೆ ಮುಂಚೆ ಏನಾಗಿತ್ತು. ಇಷ್ಟೇ ಅವನ ಪ್ರಶ್ನೆಗಳು. ನಾನು ಹೆಂಡತಿ, ಸಾಲ, ವ್ಯಾಪಾರ ಅಂತ ಏನೇನೋ ಪುರಾಣ ಬಿಚ್ಚಿದ್ದೆ. ಅವನು ಕೆದಕಿ ಕೆದಕಿ ತೆಗೆದದ್ದು ಇಷ್ಟು: ಸಂಜೆ ಕರೆಂಟು ಹೋದಾಗ, ಮಿಷನ್ ನಿಂತು ಕೈ ಖಾಲಿಯಾದಾಗ, ನನ್ನ ಕಾಲು ತಾನಾಗೇ ಬಾರಿನ ಕಡೆ ತಿರುಗುತ್ತದೆ. ಅಯ್ಯೋ ಶಿವನೇ, ಇಷ್ಟು ವರ್ಷದ ನನ್ನ ದುಃಖವೆಲ್ಲ ಕರೆಂಟಿನದಾ ಅಂತ ನನಗೇ ಅವಮಾನವಾಯಿತು. ಅಂದಿನಿಂದ ಕರೆಂಟು ಹೋದ ತಕ್ಷಣ ಷಟರ್ ಎಳೆದು ಬಸ್ ಸ್ಟ್ಯಾಂಡಿಗೆ ಹೋಗಬೇಕು, ಅಲ್ಲಿ ಅವನಿರುತ್ತಾನೆ, ಇಬ್ಬರೂ ನಡೆಯಬೇಕು ಅಂತಾಯಿತು. ಆಸೆ ಎದ್ದಾಗ ಹೈವೇ ಕಡೆ ಕೈ ತೋರಿಸಿ ಹೇಳುತ್ತಿದ್ದ: "ಅದು ಎಕ್ಸ್‌ಪ್ರೆಸ್ ಬಸ್ಸು ಕಣಪ್ಪ. ನೀನು ಕೈ ಅಡ್ಡ ಹಾಕ್ದಿದ್ರೆ ನಿಲ್ಲಲ್ಲ. ಜೋರಾಗಿ ಬರ್ತೈತೆ, ಹೋಗ್ತೈತೆ."

ಇದನ್ನೆಲ್ಲ ಅವನು ಕಲಿತದ್ದು ತಾನೇ ರೋಗಿಯಾಗಿ ಮಲಗಿದ್ದ ಆಸ್ಪತ್ರೆಯಲ್ಲಿ. ಅಲ್ಲಿನ ಮನಶ್ಶಾಸ್ತ್ರದ ಮೇಡಂ ಹೇಳಿದ್ದನ್ನು ಮೊದಲು ತನ್ನ ಮೇಲೆ ಪ್ರಯೋಗ ಮಾಡಿ, ಫಲ ಕೊಟ್ಟದ್ದನ್ನು ಮಾತ್ರ ಇಟ್ಟುಕೊಂಡಿದ್ದ. ತೀರಾ ಕುಡಿಯುತ್ತಿದ್ದವರು ಒಮ್ಮೆಲೇ ಬಿಡುತ್ತೇನೆಂದರೆ ಗದರುತ್ತಿದ್ದ. ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು, ಮೊದಲು ಡಾಕ್ಟರು ಅಂತ ಕೈ ಹಿಡಿದು ದುರ್ಗದ ಆಸ್ಪತ್ರೆಗೆ ಬಸ್ಸು ಹತ್ತಿಸುತ್ತಿದ್ದ. ನನ್ನನ್ನೂ ಹಾಗೇ ಕರೆದುಕೊಂಡು ಹೋಗಿದ್ದ.

ಅವನ ರೂಮಿನಲ್ಲಿ ಒಂದಕ್ಕೆ ಮಾತ್ರ ನಿಷೇಧ. ಆಣೆ. ಕುಡಿದರೆ ಕುಡಿದೆ ಅಂತ ಬಂದು ಹೇಳಬಹುದು, ಇನ್ನು ಮುಟ್ಟಲ್ಲ ಅಂತ ಆಣೆ ಇಡುವಂತಿಲ್ಲ. ನಾನೋ, ಆಣೆಯಲ್ಲಿ ಪಳಗಿದ ಕೈ. ಕರ್ಪೂರ ಹಚ್ಚಿ ಆಣೆ ಮಾಡಿದ್ದೆ, ಅಪ್ಪನ ಫೋಟೊ ಮುಟ್ಟಿ ಮಾಡಿದ್ದೆ, ಊರ ದೇವರ ಗುಡಿಯಲ್ಲಿ ಒದ್ದೆ ಬಟ್ಟೆಯಲ್ಲಿ ಮಾಡಿದ್ದೆ. ಪ್ರತಿ ಸಲವೂ ಒಂದು ಗುಟುಕಿಗೆ ಆಣೆ ಮುರಿಯುತ್ತಿತ್ತು. ಮುರಿದ ಮೇಲೆ ಇನ್ನೇನು, ಹೇಗೂ ನರಕವೇ ಅಂತ ಪೂರ್ತಿ ಬಾಟಲಿ ಇಳಿಸುತ್ತಿದ್ದೆ. ಆಣೆ ಇಲ್ಲದಿದ್ದರೆ ಒಂದು ಗ್ಲಾಸಿಗೆ ನಿಲ್ಲುತ್ತಿತ್ತೇನೋ ಅಂತ ಓಬಣ್ಣ ಹೇಳುವ ತನಕ ನನಗೆ ಹೊಳೆದಿರಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಹೆಂಡತಿ ರೇಣುಕಾ ಮಗಳನ್ನು ಕರೆದುಕೊಂಡು ಭರಮಸಾಗರದ ತವರಿಗೆ ಹೋಗಿ ಕೂತಿದ್ದಳು. ನಾನು ನೆಟ್ಟಗಾಗಿದ್ದೇನೆ, ಬಾ ಅಂತ ಹೇಳಿ ಕಳಿಸಿದೆ. ಮಗಳ ತಲೆ ಮುಟ್ಟಿ ಆಣೆ ಮಾಡಿದರೆ ಅವತ್ತೇ ಬರುತ್ತೇನೆ ಅಂತ ಉತ್ತರ ಬಂತು. ಓಬಣ್ಣ ನಾನೂ ಬರ್ತೀನಿ ನಡೆ ಅಂದ. ಬಸ್ಸು ಖಾಲಿ ಇದ್ದರೂ ಭರಮಸಾಗರದ ತನಕ ಕಂಬಿ ಹಿಡಿದು ನಿಂತೇ ಬಂದ.

ಮಾವ ಪಡಸಾಲೆಯಲ್ಲಿ ಕರ್ಪೂರ ಸಮೇತ ಸಿದ್ಧವಾಗಿದ್ದರು. ಮಗಳನ್ನು ತಂದು ನನ್ನೆದುರು ನಿಲ್ಲಿಸಿದರು. ಎಣ್ಣೆ ಹಚ್ಚಿ ಬಾಚಿದ ತಲೆ. ನನಗೋ ಹೆಂಡತಿ ಮಗಳು ಮನೆಗೆ ಬಂದರೆ ಸಾಕಿತ್ತು, ಕೈ ಆಗಲೇ ಮೇಲೆದ್ದಿತ್ತು. ಓಬಣ್ಣ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದ. ಮಾವ ಸಿಟ್ಟಾಗಿ, ಬಿಡುವ ಮನಸ್ಸಿದ್ದವನು ಆಣೆಗೆ ಯಾಕೆ ಹೆದರಬೇಕು ಅಂದರು. ಆಗ ಓಬಣ್ಣ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ನಮಗ್ಯಾರಿಗೂ ಹೇಳಿರದ ಸಂಗತಿ ಹೇಳಿದ.

ಅವನೂ ತನ್ನ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ್ದನಂತೆ. ಮುರಿದ. ಆ ತಿಂಗಳೇ ತಾಯಿ ತೀರಿಕೊಂಡಳು. ಎದೆಯ ಕಾಯಿಲೆ, ಮೊದಲಿಂದ ಇದ್ದದ್ದು, ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು. ಊರು ಕೇಳಲಿಲ್ಲ. ಸ್ವಂತ ಅಕ್ಕನೇ, ಅವ್ವನ್ನ ತಿಂದೋನು ಅಂತ ಮಾತು ಬಿಟ್ಟಳು. ಅಲ್ಲಿಂದ ಮುಂದೆ ಕುಡಿದದ್ದೇ ನಿಜವಾದ ಕುಡಿತ ಅಂದ ಓಬಣ್ಣ.

"ಡಾಕ್ಟ್ರು ಹೇಳಿದ್ದು ತಲೆಗೆ ಗೊತ್ತೈತೆ ಯಜಮಾನ್ರೆ, ಎದೆಗೆ ಗೊತ್ತಿಲ್ಲ. ಇವತ್ತಿಗೂ ಕುಂತ್ರೆ ಅವ್ವ ಬಂದು ಎದುರಿಗೆ ಕುಂತ್ಕಂತಾಳೆ. ಈ ಕೂಸಿನ ತಲೆ ಮ್ಯಾಲೆ ಆ ಭಾರ ಇಡಬ್ಯಾಡ್ರಿ."

ಕಂಡಕ್ಟರ್ ಜಲ್ಮ ಅಂತ ನಾವು ನಕ್ಕಿದ್ದೆಲ್ಲ ನೆನಪಾಗಿ ನಾನು ಕೈ ಹಿಂದಕ್ಕೆಳೆದುಕೊಂಡೆ. ರೇಣುಕಾ ಬಾಗಿಲ ಹಿಂದಿನಿಂದ ಮುಂದೆ ಬಂದು ಕೇಳಿದಳು, "ಆಣೆ ಇಲ್ದೆ ನಾನು ಏನು ನೋಡಿ ನಂಬ್ಲಿ ಅಣ್ಣ?"

"ನಂಬಬ್ಯಾಡ ಕಣವ್ವ. ಬರೇ ನೋಡು" ಅಂದ.

ಅವಳು ಅವತ್ತು ಬರಲಿಲ್ಲ. ವಾಪಸು ಬರುವಾಗ ಹಿರಿಯೂರಿನ ತನಕ ನಾನು ಓಬಣ್ಣನಿಗೆ ಬೆನ್ನು ಹಾಕಿ ಕಿಟಕಿ ಕಡೆ ತಿರುಗಿ ಕೂತೆ. ಒಂದು ಸುಳ್ಳು ಆಣೆಗೆ ನನ್ನ ಸಂಸಾರ ಕೂಡಿಕೊಳ್ಳುತ್ತಿತ್ತು, ಕೆಡಿಸಿಬಿಟ್ಟನಲ್ಲ ಈ ಕಂಡಕ್ಟರ್ ಅಂತ ಕುದಿಯುತ್ತಿದ್ದೆ. ಇಳಿದವನೇ ಸೀದಾ ಬಾರಿನ ಕಡೆ ಹೆಜ್ಜೆ ಹಾಕಿದೆ. ಅವನು ತಡೆಯಲಿಲ್ಲ, ಪಕ್ಕದಲ್ಲೇ ಬಂದ. ನಾನು ಬಾರು ದಾಟಿದೆ, ವೇದಾವತಿ ಸೇತುವೆ ದಾಟಿದೆ, ತಿರುಗಿದೆ, ಮತ್ತೆ ದಾಟಿದೆ. ಎಷ್ಟು ಸಲವೋ. ಕೊನೆಗೆ ಕಾಲು ನೋಯುತ್ತಿವೆ ಅಂದೆ. ಎಕ್ಸ್‌ಪ್ರೆಸ್ ಬಸ್ಸು ಹೋಯ್ತು ಅಂತ ಕಾಣುತ್ತದೆ, ಮನೆಗೆ ಹೋಗಾಣ ಅಂದ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ರೇಣುಕಾ ಮಗಳ ಕೈ ಹಿಡಿದು ರೂಮಿನ ಬಾಗಿಲಲ್ಲಿ ನಿಂತಿದ್ದಳು. ಓಬಣ್ಣ ಏನೂ ಕೇಳದೆ ಅವಳ ಮುಂದೊಂದು ಮೊರ ತಳ್ಳಿದ. ಅವಳು ಶೇಂಗಾ ಸುಲಿದು, ನನ್ನ ಕೈ ನೋಡಿ, ಸಂಜೆ ಬಸ್ಸಿಗೆ ಭರಮಸಾಗರಕ್ಕೆ ಹೋದಳು. ಹೀಗೇ ಎಷ್ಟೋ ಭಾನುವಾರ. ಕೊನೆಗೊಂದು ಸಲ ಬಟ್ಟೆಯ ಬ್ಯಾಗು ತಂದಳು. ನನ್ನ ಮೊರದ ಬೀಜ ಆಗ ಬಿತ್ತನೆಗೆ ಹೋಗುತ್ತಿತ್ತು.

ಹೋದ ವರ್ಷ ಒಂದು ಭಾನುವಾರ ಓಬಣ್ಣ ಬರಲಿಲ್ಲ. ಫೋನೂ ಎತ್ತಲಿಲ್ಲ. ಮುಂದಿನ ಭಾನುವಾರ ನಾವು ರೂಮು ತೆಗೆದು ಕೂತ ಮೇಲೆ ಬಂದ. ಬಂದವನು ಬಾಗಿಲ ಪಕ್ಕ, ಹೊಸಬರು ಕೂರುವ ಜಾಗದಲ್ಲಿ, ಕೂತುಬಿಟ್ಟ. ಮತ್ತೆ ಕುಡಿದಿದ್ದಾನೆ ಅಂತ ನಮಗೆಲ್ಲ ಗೊತ್ತಾಯಿತು.

ಲಾರಿ ಓಡಿಸುವ ನಾಗರಾಜ ಬಂದು ಸೇರಿ ಇನ್ನೂ ಸ್ವಲ್ಪ ದಿನ. ಅವನಿಗೆ ಅಳುವೇ ಬಂತು. "ನೀವೇ ಹಿಂಗಾದ್ರೆ ನಮ್ಮ ಗತಿ ಏನ್ರಿ? ಇನ್ನು ಮುಟ್ಟಲ್ಲ ಅಂತ ಒಂದ್ ಆಣೆ ಮಾಡ್ರಿ ನಮ್ಮೆದ್ರಿಗೆ" ಅಂದ. ಓಬಣ್ಣನ ಬಲಗೈ ನಿಧಾನವಾಗಿ ಮೇಲೆದ್ದಿತು. ನನ್ನ ಮುಖ ನೋಡಿದ.

"ಮಾಡ್ಲೇನೋ ಮಂಜಾ?"

ಮಾಡು ಅನ್ನಬೇಕೆಂದು ನನ್ನ ಜೀವ ಹಾತೊರೆಯುತ್ತಿತ್ತು. ಮಾಡು ಮಾರಾಯ, ಯಾವ ದೇವರ ಮೇಲಾದರೂ ಮಾಡು, ನನ್ನ ಮಗಳ ತಲೆ ಬೇಕಾದರೂ ಮುಟ್ಟು, ನೀನು ಮಾತ್ರ ಮೊದಲಿನ ಹಾಗೆ ಎದ್ದು ಓಡಾಡು. ಭರಮಸಾಗರದ ಪಡಸಾಲೆಯಲ್ಲಿ ರೇಣುಕಾ ಎಂಥ ಭಯದಲ್ಲಿ ನಿಂತಿದ್ದಳು ಅನ್ನುವುದು ನನಗೆ ಆಗ ತಿಳಿಯಿತು. ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದೆ.

"ಬ್ಯಾಡಣ್ಣ. ಶೇಂಗಾ ಸುಲಿ."

ಮೊರ ಇಟ್ಟು, ಯಾವಾಗ ಅಂತ ಕೇಳಿದೆ. ಸುಲಿಯುತ್ತ ಹೇಳಿದ. ಅಕ್ಕ ತೀರಿಕೊಂಡ ದಿನ. ಹೊಸದುರ್ಗ ಬಸ್ ಸ್ಟ್ಯಾಂಡು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಮುಂಚೆ, ಸಾಯುವ ಅಕ್ಕನ ಬಾಯಿಗೆ ನೀರು ಬಿಡಲು ಹೋದಾಗ ಅವಳು ಮುಖ ತಿರುಗಿಸಿಕೊಂಡಳು. ಅವತ್ತು ಅವನ ಮೊರದ್ದೆಲ್ಲ ಚಟ್ನಿಗೇ ಹೋಯಿತು.

ಮುಂದಿನ ವಾರ ಮತ್ತೆ ಎದ್ದು ನಿಂತ. ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಈ ಬೇಸಿಗೆಯಲ್ಲಿ, ಬಿತ್ತನೆಗೆ ಮುಂಚೆ, ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸ್ ನಾನೇ ಪ್ರಿಂಟ್ ಮಾಡಿದೆ. ಅವನು ಬೇಡವೆಂದ ಬೋರ್ಡು ಕಡೆಗೂ ನನ್ನ ಮಿಷನ್ನಿನಿಂದಲೇ ಬಂತು. ಕೈಮುಗಿದ ಫೋಟೊ ಮಾತ್ರ ಹಾಕಲಿಲ್ಲ.

ಮಣ್ಣಿಗೆ ಹೋದಾಗ ಅವನ ಅಕ್ಕನ ಮಗ ನನ್ನನ್ನು ಪಕ್ಕಕ್ಕೆ ಕರೆದು, ಮಾವ ಕುಡಿದೇ ಸತ್ತನಂತಲ್ಲ ಅಂದ. ಇಲ್ಲ, ಒಂದು ಸಲ ಜಾರಿದ್ದ, ಆಮೇಲಿನ ಭಾನುವಾರಗಳೆಲ್ಲ ನನ್ನೆದುರಿಗೇ ಇದ್ದ, ನಾನೇ ನೋಡಿದ್ದೇನೆ ಅಂದೆ.

"ಆಣೆ ಮಾಡಿ ಹೇಳ್ತೀಯ?"

"ಆಣೆ ಮಾಡಲ್ಲಪ್ಪ. ನೋಡಿದ್ದು ಹೇಳಿದೀನಿ."

ಯಾರೋ ನನಗೊಂದು ಕುರ್ಚಿ ಎಳೆದು ಕುಂತ್ಕಳ್ರಿ ಅಂದರು. ಕೂರಲು ನನ್ನಿಂದ ಆಗಲಿಲ್ಲ.