ಪ್ರಯೋಗ ಮುಗಿದ ಮೇಲೆ ಹೇಳಬೇಕಾದದ್ದು

ಸಂಜೆ ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಬೆಳಗಿನ ಪಾಳಿಯಲ್ಲಿ ಬಸ್ಸಿನಲ್ಲಿ ಟಿಕೆಟು ಹರಿದು, ಮನೆಗೆ ಹೋಗಿ ಅಡುಗೆ ಮಾಡಿಟ್ಟು, ಸಮವಸ್ತ್ರದ ಮೇಲೆ ಸ್ವೆಟರ್ ಎಳೆದುಕೊಂಡು ಬಂದು, ಸೈಕಾಲಜಿ ಬಿ.ಎ. ಮೊದಲ ವರ್ಷದ ಹುಡುಗ ಹುಡುಗಿಯರ ನಡುವೆ ಕೂರುತ್ತಿದ್ದಳು.

"ಕಂಡಕ್ಟರಮ್ಮ, ಹಿಂದೆ ಸೀಟ್ ಇದ್ಯಾ?" ಎಂದು ಹುಡುಗರು ರೇಗಿಸಿದರೆ, "ನಿಂತ್ಕೊಂಡೇ ಬಾ ಮರಿ. ಪರೀಕ್ಷೆ ಬಂದ್ರೆ ಹೇಗಿದ್ರೂ ಇಳಿದು ಹೋಗ್ತೀಯ" ಎನ್ನುವಳು. ಡಿಗ್ರಿ ಅವಳಿಗೆ ಬೇಕಿರಲಿಲ್ಲ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದೇ ಸೈಕಾಲಜಿಯನ್ನು ಅವಳ ಮಗಳು ಬೇರೊಂದು ಕಾಲೇಜಿನಲ್ಲಿ ಓದುತ್ತಿದ್ದಳು. ಎರಡನೆಯ ವರ್ಷದ ನಡುವೆ ಒಂದು ದಿನ ಗಂಟುಮೂಟೆ ಸಮೇತ ಹಾಸ್ಟೆಲಿನಿಂದ ಬಂದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಏನಾಯಿತೆಂದು ಹೇಳಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮಾತಾಡಿಸ್ತಾ ಇರಿ" ಎಂದರು. ದಿನವಿಡೀ ಬಾಯಿಯಿಂದಲೇ ದುಡಿಯುವ ಹೆಂಗಸಿಗೆ ಹೆತ್ತ ಮಗಳನ್ನು ಹೇಗೆ ಮಾತಾಡಿಸಬೇಕೆಂದು ತೋಚಲಿಲ್ಲ. "ಊಟ ಮಾಡ್ತೀಯೇನೇ?" ಎಂದರೆ ಆ ಬೆನ್ನು ಅಲುಗುತ್ತಿರಲಿಲ್ಲ. ಮಗಳನ್ನು ಕೆಡವಿದ್ದು ಆ ಪುಸ್ತಕಗಳೇ ಇರಬೇಕು, ಇಲ್ಲವೇ ಎಬ್ಬಿಸುವ ಉಪಾಯ ಅವುಗಳಲ್ಲಿ ಇರಬೇಕು ಎಂದುಕೊಂಡು ಅವಳೇ ಕಾಲೇಜು ಸೇರಿದಳು.

ಅವಳ ಅಕ್ಕ ಹಣೆ ಚಚ್ಚಿಕೊಂಡಳು. "ಅವಳು ಓದಿ ಹೀಗಾದ್ಲು. ಈಗ ನೀನೂ ಓದಿ ಇನ್ನೊಂದು ಗೋಡೆ ನೋಡ್ಕೊಂಡು ಮಲಗ್ತೀಯಾ?"

"ಗೋಡೆ ನಾಲ್ಕಿದೆಯಲ್ಲಕ್ಕ. ನೀನೂ ಬಾ" ಎಂದು ಇವಳು ನಕ್ಕಳು. ಅಕ್ಕ ಹೋದ ಮೇಲೆ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು.

ಮೊದಲ ಪ್ರಯೋಗ ನೆನಪಿನ ಶಕ್ತಿಯದು. ಒಂದಷ್ಟು ಅಂಕಿಗಳನ್ನು ಓದಬೇಕು, ಎದುರಿಗೆ ಕೂತವರು ಅವನ್ನು ತಿರುಗಿ ಹೇಳಬೇಕು. ಹಾಗೆ ಕೂತವರನ್ನು ಲ್ಯಾಬಿನಲ್ಲಿ ಸಬ್ಜೆಕ್ಟ್ ಎನ್ನುತ್ತಾರೆ. ಅಭ್ಯಾಸಕ್ಕೆಂದು ಕಂಡಕ್ಟರಮ್ಮ ಮಗಳ ಹಾಸಿಗೆಯ ಪಕ್ಕ ಕುಳಿತು ಆ ಬೆನ್ನಿಗೇ ಓದತೊಡಗಿದಳು. "ಏಳು, ಎರಡು, ಒಂಬತ್ತೂ..." ಬಸ್ ಸ್ಟಾಪಿನ ಹೆಸರು ಕೂಗುವ ರಾಗ ತಾನಾಗಿ ಬಂತು.

"ಎಳೀಬೇಡ. ಎಲ್ಲಾ ಒಂದೇ ಸಮ ಓದ್ಬೇಕು."

ಗೋಡೆಯ ಕಡೆಯಿಂದ ಬಂದ ಆ ದನಿ ತುಕ್ಕು ಹಿಡಿದಂತಿತ್ತು. ತಾಯಿ ಏನೂ ಆಗದವಳಂತೆ ಮತ್ತೆ ಮೊದಲಿನಿಂದ ಓದಿದಳು.

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. ದಿನಾ ಸಂಜೆ ಒಂದು ಪ್ರಯೋಗ, ಒಂದು ತಪ್ಪು, ಗೋಡೆಯಿಂದ ಒಂದು ತಿದ್ದುಪಡಿ. ಸ್ಟಾಪ್‌ವಾಚ್ ತಡವಾಗಿ ಒತ್ತಿದಳು, "ಮೊದಲು ಒತ್ತು, ಆಮೇಲೆ ಮಾತಾಡು" ಎಂದಳು ಮಗಳು. ಸುಮ್ಮನಿರಬೇಕಾದ ಕಡೆ ತಾಯಿ "ಶಭಾಷ್" ಎಂದಳು, "ಸಬ್ಜೆಕ್ಟನ್ನ ಹೊಗಳಬಾರದಮ್ಮ!" ಎಂದು ಮಗಳು ಈ ಕಡೆ ಹೊರಳಿದಳು. ಒಂದು ದಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕುಳಿತೇ ಉಂಡಳು. ಆದರೆ ತಾಯಿ ಪಾಠ ಕಲಿಯತೊಡಗಿದ್ದಳು. ನಿಜವಾದ ತಪ್ಪುಗಳು ಮುಗಿದುಹೋದವು. ಬಸ್ಸಿನಲ್ಲಿ ಚಿಲ್ಲರೆ ಎಣಿಸುತ್ತಲೇ ಸಂಜೆಗೊಂದು ತಪ್ಪನ್ನು ಯೋಚಿಸಿಟ್ಟುಕೊಳ್ಳತೊಡಗಿದಳು.

ಎಷ್ಟು ದಿನ ನಡೆದೀತು? ಒಂದು ಸಂಜೆ ಅವಳು ಅಂಕಿಗಳನ್ನು ಮತ್ತೆ ರಾಗವಾಗಿ ಎಳೆದಳು. ಮಗಳು ಅವಳ ಮುಖವನ್ನೇ ನೋಡಿದಳು.

"ಇದನ್ನ ನಿನ್ನೆ ಸರಿಯಾಗಿ ಓದಿದ್ಯಲ್ಲ."

"ಮರೆತುಹೋಯ್ತು ಕಣೇ."

"ಮರೆತಿಲ್ಲ. ಬೇಕಂತಲೇ ಮಾಡ್ತಿದ್ದೀಯ. ನನ್ನನ್ನೇ ಸಬ್ಜೆಕ್ಟ್ ಮಾಡ್ಕೊಂಡಿದ್ದೀಯ, ಅಲ್ವಾ?"

ಮತ್ತೆ ಬೆನ್ನು, ಮತ್ತೆ ಗೋಡೆ. ಈ ಸಲ ಊಟವೂ ನಿಂತಿತು.

ಎರಡು ದಿನ ಕಾದು, ತರಗತಿ ಮುಗಿದ ಮೇಲೆ ಅವಳು ಮೇಷ್ಟ್ರ ಮೇಜಿನ ಮುಂದೆ ನಿಂತಳು. ಕಾಲೇಜಿನಲ್ಲಿ ಮಗಳ ವಿಷಯ ಬಾಯಿಬಿಟ್ಟಿದ್ದು ಅದೇ ಮೊದಲು. ಅವರು ಉಪಕರಣಗಳನ್ನು ಕಪಾಟಿಗೆ ಸೇರಿಸುತ್ತಿದ್ದವರು ಕೈ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ಇಲ್ಲಿ ಕಲಿಸೋದ್ರಿಂದ ಮಗಳನ್ನ ವಾಸಿಮಾಡೋಕಾಗಲ್ಲಮ್ಮ. ನನ್ನ ಕೈಲೂ ಆಗಲ್ಲ, ನಾನು ಪಾಠ ಹೇಳೋನು. ಡಾಕ್ಟರನ್ನ ಬಿಡಬೇಡಿ, ನಾಳೆನೇ ಹೋಗಿ" ಎಂದರು. ಅವಳು ಕದಲಲಿಲ್ಲ. ಅವರು ಸ್ವಲ್ಪ ಯೋಚಿಸಿ, "ನಮ್ಮಲ್ಲಿ ಒಂದು ನಿಯಮ ಇದೆ. ಸಬ್ಜೆಕ್ಟಿಂದ ಏನಾದ್ರೂ ಮುಚ್ಚಿಟ್ಟಿದ್ರೆ, ಪ್ರಯೋಗ ಮುಗಿದ ಮೇಲೆ ಎಲ್ಲಾ ಬಿಚ್ಚಿ ಹೇಳ್ಬೇಕು. ಅವರು ಏನು ಕೇಳಿದ್ರೂ ನಿಜಾನೇ ಹೇಳ್ಬೇಕು. ಅಷ್ಟು ನೀವು ಅವಳಿಗೆ ಬಾಕಿ ಇದ್ದೀರಿ" ಎಂದರು.

ಮನೆಗೆ ಬಂದವಳು ಸ್ವೆಟರ್ ಕೂಡ ಬಿಚ್ಚದೆ ಹಾಸಿಗೆಯ ಪಕ್ಕ ಕುಳಿತಳು.

"ಪ್ರಯೋಗ ಮುಗೀತು. ಈಗ ಹೇಳ್ಬೇಕಂತೆ, ಹೇಳ್ತೀನಿ. ಡಿಗ್ರಿ ಯಾವನಿಗೆ ಬೇಕು? ನಿನ್ನ ಬಾಯಿ ಬಿಡಿಸೋಕೆ ಸೇರ್ಕೊಂಡೆ. ತಪ್ಪು ಬೇಕಂತಲೇ ಮಾಡಿದೆ, ಮೊದಮೊದಲಿನವು ಬಿಟ್ಟು. ಕೆಳಗಿನ ಮನೆ ಟೈಲರಮ್ಮ ದಿನಾ ದಾರ ಕೇಳೋಕೆ ಬರ್ತಾಳಲ್ಲ, ದರ್ಜಿ ಮನೇಲಿ ದಾರಕ್ಕೆ ಬರಗಾಲವೇನೇ? ನಾನೇ ಕಳಿಸೋದು, ನೀನು ಉಸಿರಾಡ್ತಿದ್ದೀಯಾ ನೋಡ್ಕೊಂಡು ಬರೋಕೆ. ನಿನ್ನ ಮಾತ್ರೆ ಎಲ್ಲಾ ನನ್ನ ಟಿಕೆಟ್ ಚೀಲದಲ್ಲಿರುತ್ತೆ. ಬಸ್ಸಲ್ಲಿ ಫೋನ್ ಬಡ್ಕೊಂಡ್ರೆ ಟೈಲರಮ್ಮಂದೇ ಅಂದ್ಕೊಂಡು ಟಿಕೆಟ್ ಕೊಡೋದೇ ಮರೀತೀನಿ." ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡಳು. "ಇಷ್ಟೇ. ನೀನೇನಾದ್ರೂ ಕೇಳೋದಿದ್ರೆ ಕೇಳು."

ಬೀದಿಯಲ್ಲಿ ಯಾವುದೋ ಬಸ್ಸು ಹಾದುಹೋಯಿತು, ಕಿಟಕಿಯ ಗಾಜು ಅದುರಿತು.

"ನಾನು ಹೀಗೇ ಇದ್ದುಬಿಟ್ರೆ?" ಎಂದಿತು ಬೆನ್ನು.

ಏನಾದರೊಂದು ಸಮಾಧಾನ ಹೇಳಲು ಬಾಯಿ ತೆರೆದ ತಾಯಿ ತಡೆದುಕೊಂಡಳು. "ಗೊತ್ತಿಲ್ಲ ಕಣೇ."

"ನಿಂಗೂ ಭಯಾನಾ?"

"ಪ್ರಾಣ ಹೋಗೋಷ್ಟು."

ಮಗಳು ಗೋಡೆಗೇ ಹೇಳಿದಳು, "ಆ ಮಾತ್ರೆ ನಿನ್ನ ಹತ್ರಾನೇ ಇರ್ಲಿ. ನನ್ನ ಕೈಗೆ ಸಿಗೋ ಹಾಗೆ ಇಡಬೇಡ."

ತಾಯಿ ಇಷ್ಟು ದಿನ ಹೆದರಿದ್ದು ನಿಜವೇ ಆಗಿತ್ತು. ಅವಳು ಮಗಳ ಬೆನ್ನಿನ ಮೇಲೆ ಕೈಯಿಟ್ಟಳು. ಬೆನ್ನು ಸರಿಯಲಿಲ್ಲ.

"ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ಈಗ ಹೇಳಿದ್ಯಲ್ಲ, ಇದನ್ನ ಅವರಿಗೂ ಹೇಳ್ತೀಯಾ?"

"ನಂಗಾಗಲ್ಲ. ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಕೈ ತೆಗೆಯದೆಯೇ ಅವಳು ಇನ್ನೊಂದು ಕೈಯಿಂದ ಫೋನು ಎತ್ತಿಕೊಂಡು, ನಾಳೆ ಪಾಳಿಗೆ ಬರುವುದಿಲ್ಲವೆಂದು ಡಿಪೋಗೆ ತಿಳಿಸಿದಳು.