ಕಾಗೆಗಳ ಧಣಿಯ ಅಟ್ಟ

ಎಲೋವ್ ಸುಂಡಿನ್‌ನ ಛಾವಣಿಯ ಮೇಲೆ ಹಿಮ ನಿಲ್ಲುತ್ತಿರಲಿಲ್ಲ. ಯೆಮ್ಟ್‌ಲಾಂಡ್ ಎಂಬ ಹಿಮಸೀಮೆಯ ಅವನ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ಗಂಡಸಿನ ಯೋಗ್ಯತೆಯನ್ನು ಛಾವಣಿ ನೋಡಿಯೇ ಅಳೆಯುತ್ತಾರೆ. ಹಿಮ ದಪ್ಪಗೆ ಕೂತಿದ್ದರೆ ಮನೆಯ ಬಿಸಿ ಮನೆಯೊಳಗೇ ಇದೆ, ಒಡೆಯ ಜಾಣ; ಕರಗಿ ಬೋಳಾಗಿದ್ದರೆ ಅವನು ಆಕಾಶ ಕಾಯಿಸಲು ಸೌದೆ ಸುಡುವ ದಡ್ಡ. ಶಾಲೆಯ ಬಸ್ಸನ್ನು ಮುಪ್ಪಿನವರೆಗೆ ಓಡಿಸಿ, ಎಂಥ ಹಿಮಗಾಳಿಯಲ್ಲೂ ಒಂದು ಮಗುವನ್ನೂ ತಡವಾಗಿ ಮುಟ್ಟಿಸದ ಎಲೋವ್‌ಗೆ ಊರು ಕೊಟ್ಟ ಬಿರುದು 'ಕಾಗೆಗಳ ಧಣಿ'. ಅವನ ಬೆಚ್ಚಗಿನ ತಗಡಿನ ಮೇಲೆ ಊರಿನ ಕಾಗೆಗಳೆಲ್ಲ ಬಂದು ಚಳಿ ಬಿಡಿಸಿಕೊಳ್ಳುತ್ತಿದ್ದವು.

ಬಿರುದನ್ನು ಅವನು ಸಹಿಸಿದ. ನಾಟಿದ್ದು ಹೆಂಡತಿ ಡಾಗ್ನಿಯ ಮಾತು. ಉಣ್ಣೆಯ ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ ಏರಿಸುತ್ತ ಅವಳು ಹೇಳಿದ್ದಳು: "ಇನ್ನೊಂದ್ ಚಳಿಗಾಲ ಹಿಂಗೇ ಆದ್ರೆ ನಾನು ಪೇಟೆಲಿ ತಂಗಿ ಪಕ್ಕದ ಫ್ಲ್ಯಾಟ್‌ಗೆ ಹೋಗ್ತೀನಿ. ನೀನೂ ಬಾ ಬೇಕಾದ್ರೆ. ಕಾಗೆಗಳನ್ನ ಕರ್ಕೊಂಡ್ ಬರ್ಬೇಡ."

ಎಲೆ ಉದುರುವ ಹೊತ್ತಿಗೆ ಎಲೋವ್ ಯುದ್ಧ ಸಾರಿದ. ಹಣೆಗೆ ದೀಪ, ಮೂಗಿಗೆ ಮುಸುಕು, ಮೊಣಕಾಲಿಗೆ ಕವಚ ಕಟ್ಟಿ ಏಣಿಯೇರಿ ಅಟ್ಟ ಹೊಕ್ಕ. ಹಳೆಯ ಪತ್ರಿಕೆಗಳನ್ನು ಅರೆದು ಮಾಡಿದ, ಬಿಸಿ ಸೋರದಂತೆ ತಡೆಯುವ ಬೂದು ಹತ್ತಿಯನ್ನು ಮೂಟೆಗಟ್ಟಲೆ ಹೊತ್ತು, ತೊಲೆಗಳ ನಡುವೆ ಸುರಿದು, ಬಿರುಕುಗಳಿಗೆ ತುರುಕಿ, ಸೂರಿನಂಚಿನಲ್ಲಿ ಗಾಳಿಯಾಡಲು ಸಂದು ಬಿಟ್ಟು, ಮೊಣಕಾಲೆತ್ತರ ಹಾಸಿದ. ಇನ್ನು ಅಟ್ಟ ತಣ್ಣಗೆ, ಮನೆ ಬೆಚ್ಚಗೆ. ಕೆಲಸ ಮುಗಿದರೂ ಅವನಿಗೆ ಇಳಿಯುವ ಮನಸ್ಸಿಲ್ಲ. ಗೆದ್ದ ರಾಜ್ಯವನ್ನು ಕಣ್ತುಂಬ ನೋಡಲು ದಿನವೂ ಕಾಫಿ ಲೋಟ ಹಿಡಿದು, ಅಟ್ಟದ ಬಾಗಿಲು ತೆರೆದು, ಏಣಿಯ ತುದಿಯಲ್ಲಿ ನಿಲ್ಲುತ್ತಿದ್ದ.

ಮೊದಲ ಹಿಮ ಬಿತ್ತು. ಮಾರನೇ ಬೆಳಿಗ್ಗೆ ಅಂಗಳಕ್ಕಿಳಿದು ಕತ್ತೆತ್ತಿದರೆ, ಬೆಳ್ಳನೆಯ ಛಾವಣಿಯ ನಡುವೆ ಪಾದ್ರಿಯ ನೆತ್ತಿಯಂತೆ ದುಂಡನೆಯ ಬೋಳು. ಅದರಲ್ಲೊಂದು ಕಾಗೆ.

ಎಲೋವ್‌ನ ಕಣ್ಣ ಮುಂದೆ ಪೇಟೆಯ ಫ್ಲ್ಯಾಟು ಸುಳಿಯಿತು. ಡಾಗ್ನಿ ಏಳುವುದರೊಳಗೆ ಅನಾಹುತ ಮುಚ್ಚಬೇಕು. ಗೋಡೆಗೆ ಏಣಿ ಒರಗಿಸಿ, ಸಲಿಕೆ ತುಂಬ ಹಿಮ ಎತ್ತಿ ಛಾವಣಿಯ ಮೇಲಕ್ಕೆ ಎಸೆಯತೊಡಗಿದ. ಅರ್ಧ ಮೇಲೆ, ಅರ್ಧ ಅವನ ಕೊರಳಪಟ್ಟಿಯೊಳಗೆ.

ಬೇಲಿಯಾಚೆ ನೆರೆಯ ಸೀವರ್ಟ್ ತನ್ನ ಹಿಮಬಂಡಿ ನಿಲ್ಲಿಸಿದ. "ಹಿಮಾನ ಮೇಲಿಂದ ಕೆಳಕ್ಕೆ ಹಾಕೋದು ಮಾರಾಯ. ನಮ್ಮಪ್ಪ ಹಂಗೇ ಹೇಳ್ಕೊಟ್ಟಿದ್ದ."

"ನಿಮ್ಮಪ್ಪನ ಛಾವಣಿಯಲ್ಲ ಇದು."

"ಧಣಿಗಳು ಕಾಗೆಗೆ ಹಾಸಿಗೆ ಹಾಸ್ತಿದೀರೇನೋ ಅಂದ್ಕೊಂಡೆ."

ಅಷ್ಟರಲ್ಲಿ ಬಾಗಿಲಲ್ಲಿ ಡಾಗ್ನಿ ಕಾಣಿಸಿಕೊಂಡಳು. ಬೋಳನ್ನು ನೋಡಿದಳು, ಗಂಡನನ್ನು ನೋಡಿದಳು.

"ಅದರ ಕೆಳಗೇನಿದೆ ಹೇಳು, ಎಲೋವ್."

"ಅಟ್ಟದ ಬಾಗಿಲು."

"ನಿನ್ನೆ ಕಾಫಿ ಕುಡಿದ್ಮೇಲೆ ಮುಚ್ಚಿದ್ಯಾ?"

ಎಲೋವ್ ಏಣಿಯಿಳಿದು ಒಳಗೆ ಓಡಿದ. ಬಾಗಿಲು ಹಾರುಹೊಡೆದಿತ್ತು, ಅಂಚಿನಲ್ಲಿ ಅವನದೇ ಲೋಟ. ಮನೆಯ ಬಿಸಿಯೆಲ್ಲ ಆ ಕಿಂಡಿಯಲ್ಲಿ ಮೆರವಣಿಗೆ ಹೊರಟಿತ್ತು. ಹತ್ತಿಯ ತಪ್ಪಲ್ಲ, ಕೈಯ ತಪ್ಪಲ್ಲ, ಬರೀ ಹೆಮ್ಮೆಯ ತಪ್ಪು. ಅವನಿಗೆ ಕುಣಿಯುವಂತಾಯಿತು. ಬಾಗಿಲನ್ನು ಮುಚ್ಚಿ, ಚಿಲಕ ಹಾಕಿ, ಅಂಚಿಗೆ ಉಣ್ಣೆಯ ಪಟ್ಟಿ ಬಡಿದ.

ಮುಂದಿನ ಹಿಮ ಬಿದ್ದು ಛಾವಣಿಯ ಮೇಲೆ ಹಾಗೇ ಕೂತಿತು. ಕಾಗೆ ಎರಡು ಸುತ್ತು ಹಾಕಿ, ಬೇಸರದಿಂದ ಸೀವರ್ಟ್‌ನ ಚಿಮಣಿಗೆ ಹೋಯಿತು. ಅಡುಗೆಮನೆಯಲ್ಲಿ ಡಾಗ್ನಿ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಆ ಫ್ಲ್ಯಾಟ್ ಬೇರೆಯವ್ರು ತಗೊಳ್ಲಿ ಬಿಡೇ. ನಂಗಿಲ್ಲಿ ಸೆಕೆ ಕಣೆ."

ಅವಳ ಎರಡನೇ ಜೊತೆ ಕಾಲುಚೀಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಎಲೋವ್ ಅದರ ಪಕ್ಕದಲ್ಲೇ ಕೂತು, ಕೆಳಗೇ, ಕಾಫಿ ಕುಡಿದ.