ಬಂಡೆ ನೋಡಲು ಬಂದವರ ಲೆಕ್ಕ

ಮಸ್ಕಿಯ ಗುಡ್ಡದಲ್ಲಿರುವ ಶಾಸನದ ಬಂಡೆಗೆ ದಿನಕ್ಕೆ ಎಷ್ಟು ಮಂದಿ ಬಂದರು, ಯಾವ ದಾರಿಯಿಂದ ಬಂದರು, ಯಾವ ಹೊತ್ತಿಗೆ ಬಂದರು ಎಂಬುದನ್ನು ನಿಜಾಮರ ಕಾಲದ ಒಂದು ಬೇಸಿಗೆಯಲ್ಲಿ ಎರಡು ತಿಂಗಳು ನಾನು ಬರೆದಿಟ್ಟೆ. ಆ ಎರಡು ತಿಂಗಳೂ ನಾನು ಬಂಡೆಯನ್ನು ನೋಡಿರಲಿಲ್ಲ. ನಮ್ಮ ಮನೆಯ ಕಟ್ಟೆಯಿಂದ ಗುಡ್ಡ ಕಾಣುತ್ತಿತ್ತು, ಅಷ್ಟು ಸಾಕು ಎಂಬುದು ಅಜ್ಜಿಯ ಮತ. ಹೈದರಾಬಾದಿನಲ್ಲಿ ಓದಿ ಬಂದ ಹುಡುಗಿ ಗುಡ್ಡ ಹತ್ತಿದಳೆಂಬ ಸುದ್ದಿ ಲಿಂಗಸುಗೂರು ಮುಟ್ಟಲು ಒಂದು ದಿನ ಸಾಕಾಗುತ್ತಿತ್ತು. ನನಗೆ ಗಂಡು ನೋಡುತ್ತಿದ್ದುದು ಅಲ್ಲಿಯೇ.

ಬಂಡೆಗೆ ಸರ್ಕಾರ ಒಬ್ಬ ಚೌಕೀದಾರನನ್ನು ಇಟ್ಟಿತ್ತು. ಊರ ಹೊರಗಿನ ಕೇರಿಯ ಮುದುಕ. ಓದು ಬರಹ ತಿಳಿಯದು. ಆ ವರ್ಷ ಮೇಲಿನಿಂದ ಒಂದು ಕಾಗದ ಬಂತು: ನೋಡಲು ಬಂದವರ ರಿಜಿಸ್ಟರ್ ಇಡಬೇಕು, ಜನ ಬಾರದ ಜಾಗಕ್ಕೆ ಚೌಕೀದಾರ ಬೇಡ. ರಿಜಿಸ್ಟರ್ ಉರ್ದುವಿನಲ್ಲಿರಬೇಕಿತ್ತು. ಶಾಲೆಯ ಮೇಷ್ಟ್ರು ಎರಡು ಸಲ ಬರೆದುಕೊಟ್ಟು ಮೂರನೆಯ ಸಲ ಬಾಗಿಲು ತೆರೆಯಲಿಲ್ಲ. ಹಾಗಾಗಿ ಅವನು ನಮ್ಮ ಕಟ್ಟೆಗೆ ಬಂದ. ನಾನು ಓದಿದ್ದೇ ಉರ್ದುವಿನಲ್ಲಿ.

ಅವನ ಎಣಿಕೆಯೆಲ್ಲ ಹುಣಸೆ ಬೀಜದಲ್ಲಿ. ಒಬ್ಬರು ಬಂದರೆ ಒಂದು ಬೀಜ. ಊರ ಕಡೆಯ ದಾರಿಯಿಂದ ಬಂದವರದು ಒಂದು ಗಂಟು, ಕೇರಿ ಕಡೆಯ ದಾರಿಯಿಂದ ಬಂದವರದು ಇನ್ನೊಂದು. ಸಂಜೆ ಎರಡೂ ಗಂಟು ಬಿಚ್ಚಿ ಕೆಳಗಿನ ಮೆಟ್ಟಿಲ ಮೇಲೆ ಸುರಿದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಯಾವ ಹೊತ್ತಿಗೆ ಎಷ್ಟು ಮಂದಿ ಎಂದು ಬಾಯಲ್ಲಿ ಹೇಳುತ್ತಿದ್ದ. ಅಜ್ಜಿ ಒಳಗಿನಿಂದ ನೋಡುತ್ತಿದ್ದಳು.

ಮೊದಲ ದಿನ ಊರ ಕಡೆಯ ಗಂಟಿನಲ್ಲಿ ಒಂದೇ ಬೀಜವಿತ್ತು. ಕೇರಿ ಕಡೆಯದರಲ್ಲಿ ಮೂವತ್ತೆಂಟು.

"ಇವರೆಲ್ಲಾ ಯಾರು?" ಎಂದೆ.

"ನಮ್ಮ ಕೇರಿ ಹೆಣ್ಮಕ್ಕಳ್ರೀ ಅವ್ವಾ."

"ಅವರು ನೀರಿಗೆ ಹೋಗೋರಲ್ಲೇನು?"

ಊರ ಬಾವಿಗೆ ಕೇರಿಯವರು ಕೊಡ ಇಳಿಸುವಂತಿರಲಿಲ್ಲ. ಹಳ್ಳ ಬತ್ತಿದ ಮೇಲೆ ಬಂಡೆಯ ಹಿಂದೆ ಕಲ್ಲಿನ ಸಂದಿಯಲ್ಲಿ ನಿಂತ ದೊಣೆಯ ನೀರೇ ಅವರಿಗೆ ಗತಿ.

"ನೀರಿಗೇ ಹೋಗ್ತಾರ. ಆದ್ರ ಅಕ್ಷರದ ಕಲ್ಲು ದಾಟೇ ಹೋಗಬೇಕಲ್ರೀ. ಕಣ್ಣು ಮುಚ್ಚಿಗೊಂಡು ದಾಟ್ತಾರೇನು?"

"ನೋಡಾಕಂತ ಬಂದವರು ಬ್ಯಾರೆ."

"ಇವತ್ತ ರಾಯಚೂರಿಂದ ಒಬ್ಬ ಸಾಹೇಬ ಬಂದಿದ್ದ. ಸಿಗರೇಟ್ ಹಚ್ಚಿದ, ಸೇದಿದ, ಇಳಿದು ಹೋದ. ನಮ್ಮ ಸೊಸಿ ದಿನಾ ಎರಡು ಸಲ ನೋಡ್ತಾಳ. ಹೇಳ್ರಿ, ಯಾರು ಹೆಚ್ಚು ನೋಡಿದಾಂಗಾತು?"

ನಾನು ರಿಜಿಸ್ಟರ್ ತೆರೆದೆ. ಒಬ್ಬನೇ ಒಬ್ಬ ಬಂದನೆಂದು ಬರೆದರೆ ಅವನ ಕೆಲಸ ಹೋಗುತ್ತಿತ್ತು. ಮೂವತ್ತೊಂಬತ್ತು ಎಂದು ಬರೆದೆ. ಬಂದ ಉದ್ದೇಶ ಎಂಬ ಕಡೆ 'ನೋಡಲು' ಎಂದು ಬರೆದೆ. ಹೊತ್ತಿಗೊಂದು, ದಾರಿಗೊಂದು ಎಂದು ಗೆರೆ ಎಳೆದು ಪಟ್ಟಿಯಲ್ಲಿ ಮನೆಗಳನ್ನು ಮಾಡಿದೆ. ಅದನ್ನು ಯಾರೂ ಕೇಳಿರಲಿಲ್ಲ, ಅದು ನನ್ನ ಅಭ್ಯಾಸ. ಪ್ರತಿ ದಿನವೂ ಹೊತ್ತು ಮೂಡುವ ಸಮಯದ, ಕೇರಿಯ ದಾರಿಯ ಮನೆಯಲ್ಲಿಯೇ ದೊಡ್ಡ ಅಂಕಿ ಬೀಳುತ್ತಿತ್ತು.

ಎರಡನೆಯ ತಿಂಗಳ ಕೊನೆಗೆ ತಪಾಸಣೆಗೆ ಅಧಿಕಾರಿಯೇ ಬರುತ್ತಾರೆಂದು ತಿಳಿಯಿತು. ಅಷ್ಟು ಜನ ಬರುವುದನ್ನು ಅವರು ಕಣ್ಣಾರೆ ನೋಡಬೇಕಂತೆ.  ಚೌಕೀದಾರ ಅಷ್ಟರಲ್ಲಿ ಒಂದು ಉಪಾಯ ಮಾಡಿಕೊಂಡೇ ಬಂದಿದ್ದ. ಆ ಒಂದು ಬೆಳಿಗ್ಗೆ ಹೆಂಗಸರು ಕೊಡಗಳನ್ನು ಮುಳ್ಳುಕಂಟಿಯ ಹಿಂದೆ ಅಡಗಿಸಿ, ಒಳ್ಳೆಯ ಸೀರೆ ಉಟ್ಟು ಬಂಡೆಯ ಮುಂದೆ ಕೂಡಬೇಕು. ಸಾಹೇಬರು ನೋಡಿ ಹೋದ ಮೇಲೆ ನೀರು. ಅಧಿಕಾರಿಗೆ ಕನ್ನಡ ಬಾರದು, ನಡುವೆ ಮಾತು ದಾಟಿಸಲು ನಾನು ಬೇಕು.

"ಸರ್ಕಾರಿ ಕೆಲಸಂದ್ರ ಹೋಗು," ಎಂದಳು ಅಜ್ಜಿ. "ಸೆರಗು ತೆಲಿ ಮ್ಯಾಲಿಂದ ಜಾರಿತಂದ್ರ ಮಾತ್ರ ಮನಿಗೆ ಬರಬ್ಯಾಡ."

ನಾನು ಗುಡ್ಡ ಹತ್ತಿದಾಗ ಬಿಸಿಲು ಇನ್ನೂ ಬಂದಿರಲಿಲ್ಲ. ಇಪ್ಪತ್ತು ಹೆಂಗಸರು ಮದುವೆಯ ಸೀರೆಗಳಲ್ಲಿ ಸಾಲಾಗಿ ಕೂತಿದ್ದರು. ಎಂಟಕ್ಕೆ ಬರುತ್ತೇನೆಂದಿದ್ದ ಅಧಿಕಾರಿಯ ಟಾಂಗಾ ಲಿಂಗಸುಗೂರಿನ ದಾರಿಯಲ್ಲಿ ಒಂಬತ್ತಾದರೂ ಕಾಣಲಿಲ್ಲ, ಹತ್ತಾದರೂ ಕಾಣಲಿಲ್ಲ. ಕಲ್ಲು ಕಾಯತೊಡಗಿತು. ಕೆಳಗೆ ಕೇರಿಯಲ್ಲಿ ಕೂಸೊಂದು ಅಳುವುದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಚೌಕೀದಾರನ ಸೊಸೆ ಪ್ರತಿ ಸಲವೂ ಆ ಕಡೆ ಕತ್ತು ತಿರುಗಿಸುತ್ತಿದ್ದಳು.

"ಮಾವಾ, ನಿನ್ನ ಸಾಹೇಬ ಬರೋದ್ರಾಗ ಈ ಅಕ್ಷರ ನನಗ ಓದಾಕ ಬರ್ತಾವ ನೋಡು," ಎಂದಳು.

"ಓದಿ ಹೇಳಬೇ," ಎಂದಳು ಪಕ್ಕದವಳು. "ಕೊಡ ಯಾವಾಗ ಎತ್ತಬೇಕಂತ ಬರದೈತೇನು ನೋಡು."

ಎಲ್ಲರೂ ನಕ್ಕರು. ಚೌಕೀದಾರ ನಗಲಿಲ್ಲ. "ಸುಮ್ಕ ಕುಂದರ್ರೆಬೇ, ಕೈ ಮುಗೀತೀನಿ," ಎಂದ.

ಅಧಿಕಾರಿ ಬಂದಾಗ ಹನ್ನೊಂದು ದಾಟಿತ್ತು. ಬಿಳಿ ಶೇರ್ವಾನಿ ಬೆವರಿಗೆ ಬೆನ್ನಿಗಂಟಿತ್ತು. ಸೌಮ್ಯ ಮನುಷ್ಯ. ನನ್ನತ್ತ ನೇರವಾಗಿ ನೋಡದೆ, ಇಷ್ಟು ಅಚ್ಚುಕಟ್ಟಾದ ರಿಜಿಸ್ಟರ್ ತಾವು ಬೇರೆಲ್ಲೂ ಕಂಡಿಲ್ಲವೆಂದರು. ಕೂತಿದ್ದ ಹೆಂಗಸರನ್ನು ಬೆರಳು ಮಡಿಸುತ್ತ ಎಣಿಸಿದರು. ಆಮೇಲೆ ಬಂಡೆಯ ಹತ್ತಿರ ಹೋಗಿ ಒಂದು ಅಕ್ಷರದ ಅಂಚನ್ನು ಬೆರಳ ತುದಿಯಿಂದ ಮುಟ್ಟಿದರು. ಬಹಳ ಹೊತ್ತು ಹಾಗೆಯೇ ನಿಂತಿದ್ದರು.

ಅವರು ಹೇಳಿದ್ದು ಇಷ್ಟು. ಇಷ್ಟು ಜನ ದಿನಾ ಬರುವ ಜಾಗ ಸಂಸ್ಥಾನದಲ್ಲಿ ಕೆಲವೇ ಇವೆ, ಚೌಕೀದಾರನ ಕೆಲಸ ಕಾಯಂ. ಆದರೆ ಇಷ್ಟು ಕೈ ತಾಗಿದರೆ ಅಕ್ಷರ ಉಳಿಯುವುದಿಲ್ಲ. ಸುತ್ತ ಕಬ್ಬಿಣದ ಸರಳು ಹಾಕಿ ಬಾಗಿಲಿಗೆ ಬೀಗ ಜಡಿಯಬೇಕು. ಹತ್ತರಿಂದ ಐದರವರೆಗೆ ಮಾತ್ರ ತೆರೆಯಬೇಕು. ಕೇರಿ ಕಡೆಯ ದಾರಿಗೆ ಗೋಡೆ ಕಟ್ಟಬೇಕು, ನೂಕುನುಗ್ಗಲು ಬೆಳಗಿನ ಹೊತ್ತು ಆ ದಾರಿಯಲ್ಲೇ ಎಂದು ನಿಮ್ಮ ಪಟ್ಟಿಯೇ ಹೇಳುತ್ತದೆ. ಇವರಿಗೆ ತಿಳಿಸಿ.

ದೊಣೆಗೆ ಬೇರೆ ದಾರಿ ಇರಲಿಲ್ಲ. ನಾನು ಅವರು ಹೇಳಿದ ಕ್ರಮದಲ್ಲಿಯೇ ಹೇಳಿದೆ. ಕೆಲಸ ಕಾಯಂ ಎಂದಾಗ ಚೌಕೀದಾರ ಸಲಾಮಿಗೆ ಕೈ ಎತ್ತಿದ. ಬೀಗದ ಮಾತು ಮುಗಿದಾಗಲೂ ಆ ಕೈ ಹಣೆಯ ಮೇಲೆಯೇ ಇತ್ತು.

ಸೊಸೆ ಎದ್ದು ನಿಂತಳು.

"ಹತ್ತರ ತನಕ ಕೂಸು ಏನು ಕುಡೀಬೇಕಂತ ಕೇಳವ್ವಾ ಅವರನ್ನ."

ಏನೆನ್ನುತ್ತಾಳೆ, ಎಂದರು ಅಧಿಕಾರಿ.

ಸಂತೋಷವಾಯಿತು ಎನ್ನುತ್ತಾಳೆ ಎಂದು ನಾನು ಹೇಳಬಹುದಿತ್ತು. ಅಲ್ಲಿ ಎರಡೂ ಭಾಷೆ ತಿಳಿದವಳು ನಾನೊಬ್ಬಳೇ. ಅವಳ ಮಾತನ್ನು ಇದ್ದಂತೆ ದಾಟಿಸಿದರೆ ಮುದುಕನ ಕೆಲಸ ಅಲ್ಲಿಗೆ ಮುಗಿಯಿತು. ನಾನು ಅವನ ಕಡೆ ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ಸೊಸೆಯನ್ನು ನೋಡುತ್ತಿದ್ದ. ಕೈ ನಿಧಾನವಾಗಿ ಇಳಿಯಿತು.

"ಹೇಳ್ರಿ ಅವ್ವಾ," ಎಂದ. "ಆಕಿ ಅಂದಾಂಗ ಹೇಳ್ರಿ."

ಹೇಳಿದೆ. ಇವರು ನೋಡಲು ಬಂದವರಲ್ಲ, ನೀರಿಗೆ ಬರುವವರು ಎಂದೆ. 'ನೋಡಲು' ಎಂದು ಬರೆದದ್ದು ನನ್ನ ಕೈ, ಅವನಿಗೆ ಓದಲು ಬಾರದು ಎಂದೂ ಹೇಳಿದೆ. ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಧಿಕಾರಿ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ಹೆಂಗಸರು ಯಾರ ಅಪ್ಪಣೆಗೂ ಕಾಯದೆ ಕಂಟಿಯ ಹಿಂದಿನಿಂದ ಕೊಡಗಳನ್ನು ಎಳೆದುಕೊಂಡು ದೊಣೆಯ ಕಡೆ ಹೊರಟಿದ್ದರು. ಮದುವೆಯ ಸೀರೆಯ ಸೆರಗು ಸುತ್ತಿ ಸಿಂಬಿ ಮಾಡಿಕೊಂಡು, ತುಂಬಿದ ಕೊಡ ಹೊತ್ತು ಅವರು ಅಧಿಕಾರಿಯ ಮುಂದೆಯೇ ಒಬ್ಬೊಬ್ಬರಾಗಿ ಇಳಿದು ಹೋದರು. ಅಧಿಕಾರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸಿಟ್ಟು ಮಾಡಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಲೇಖನಿ ಕೊಟ್ಟು, ನೀರಿಗೆ ಬಂದವರನ್ನೆಲ್ಲ ಹೊಡೆದುಹಾಕಿ ಎಂದರು. ಬಿಸಿ ಕಲ್ಲಿನ ಮೇಲೆ ಕೂತು ಎರಡು ತಿಂಗಳ ಹಾಳೆಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಉಳಿದವರು ಹನ್ನೊಂದು ಮಂದಿ. ಹನ್ನೊಂದು ಮಂದಿಗೆ ಸರಳೂ ಬೇಡ, ಬೀಗವೂ ಬೇಡ ಎಂದರು ಅವರು. ಬರುವ ತಿಂಗಳಿಂದ ಚೌಕೀದಾರನೂ ಬೇಡ.

ಇಳಿಯುವಾಗ ಮುದುಕ ನನ್ನ ಹಿಂದೆ ದೂರದಲ್ಲಿ ಬರುತ್ತಿದ್ದ.

"ಎಷ್ಟು ಉಳಿದ್ವು ಅವ್ವಾ?"

"ಹನ್ನೊಂದು."

"ಅದ್ರಾಗ ಸಿಗರೇಟ್ ಸೇದಿದಾಂವ ಅದಾನೇನು?"

"ಅದಾರ."

"ಆಂವ ಉಳಿದ ನೋಡ್ರಿ," ಎಂದ. 

ಸಂಜೆ ಅವನು ಬರಲಾರ ಎಂದುಕೊಂಡಿದ್ದೆ. ಬಂದ. ಎಂದಿನ ಹಾಗೆ ಗಂಟು ಬಿಚ್ಚಿದ. ಕೇರಿ ಕಡೆಯದು ಬರಿದಾಗಿತ್ತು. ಊರ ಕಡೆಯದರಿಂದ ಒಂದು ಬೀಜ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದ.

"ಸಾಹೇಬ ಕೆಲಸಕ್ಕ ಬಂದಿದ್ದ, ಅವನ್ನ ಲೆಕ್ಕಕ್ಕ ಹಿಡಿದಿಲ್ಲ," ಎಂದ. "ಇದು ನಿಮ್ಮದು."

ರಿಜಿಸ್ಟರ್ ತೆರೆದು ಕೂತೆ. ಹೊತ್ತು ಮೂಡಿದಾಗಿನಿಂದ ಮಧ್ಯಾಹ್ನದವರೆಗೆ ಬಂಡೆಯ ಎದುರಿಗೇ ಇದ್ದವಳು ನಾನು. ಅದರ ಮೇಲೆ ಎಷ್ಟು ಸಾಲುಗಳಿವೆ ಎಂದು ಕೇಳಿದ್ದರೆ ಹೇಳಲಾರದವಳಾಗಿದ್ದೆ. ನೋಡಿದ್ದೆಲ್ಲ ಲಿಂಗಸುಗೂರಿನ ದಾರಿ, ಅಧಿಕಾರಿಯ ಮುಖ, ಹಣೆಯ ಮೇಲೆ ನಿಂತ ಆ ಕೈ.

"ನಾ ನೋಡಾಕ ಹೋಗಿರಲಿಲ್ಲ," ಎಂದು ಬೀಜವನ್ನು ಮೆಟ್ಟಿಲ ತುದಿಗೆ ಸರಿಸಿದೆ.

 ಅವನು ಬಗ್ಗಿ ಅದನ್ನು ಎತ್ತಿಕೊಂಡು, ಊರ ಕಡೆಯ ಗಂಟಿನಲ್ಲಿಯೇ ಬಿಗಿಯಾಗಿ ಕಟ್ಟಿದ.

"ಹಂಗಾದ್ರ ನಾಳೆ ಬರ್ರಿ," ಎಂದ. "ತಿಂಗಳು ಮುಗಿಯೋ ತನಕ ನಾ ಅಲ್ಲೇ ಇರ್ತೀನಿ."